ಗೇಶೆಗೆ ಕೇಳಿಸುತ್ತಿತ್ತು

"ಮೆಲ್ಲಗೆ, ಮೆಲ್ಲಗೆ! ತಲೆ ಕಡೆ ಇನ್ನೊಂಚೂರು ಬಿಡ್ರೋ," ಎಂದು ಪಕ್ಕದ ಮನೆಯ ಫೊಕ್ಕೊ ಏದುಸಿರಲ್ಲೇ ಹೇಳಿದ. ಆರು ಮಂದಿ ನೆರೆಯವರ ಕೈಯಿಂದ ಹಗ್ಗ ಜಾರುತ್ತ ಗೇಶೆಯ ಶವಪೆಟ್ಟಿಗೆ ಗುಂಡಿಗಿಳಿಯಿತು. ಸಮುದ್ರಕ್ಕಿಂತ ತಗ್ಗಿನ ಆ ನೆಲದಲ್ಲಿ ಎಲ್ಲಿ ತೋಡಿದರೂ ನೀರು. ಪೆಟ್ಟಿಗೆ ತಳ ಮುಟ್ಟಿದಾಗ ಪಚಕ್ಕೆಂದಿತು.

"ಕಿವಿ ಕಳಕೊಂಡಿದ್ದ ನಮ್ಮ ಸೋದರಿಗೆ ದೇವರು ವೈದ್ಯರ ಕೈಯಿಂದ ಮತ್ತೆ ಕಿವಿ ಕೊಟ್ಟ," ಎಂದರು ಪಾದ್ರಿ. ಗೇಶೆಯ ಗಂಡ, ಪೊದೆಮೀಸೆಯ ಹಿನ್ರಿಕ್ ಜೋರಾಗಿ ತಲೆಯಾಡಿಸಿದ. ಪಕ್ಕದಲ್ಲಿ ನಿಂತಿದ್ದ ಮಗಳು ಆಲ್ಮುತ್‌ಗೆ ಪಾದ್ರಿಯ ಮಾತಿನಲ್ಲಿ ಅರ್ಧ ಮಾತ್ರ ಕೇಳಿಸಿತು. ತಾಯಿಯ ರೋಗವೇ ಅವಳಿಗೂ ಇಳಿದಿತ್ತು: ಕಿವಿಯಿಂದ ಮಿದುಳಿಗೆ ಹೋಗುವ ನರಗಳ ಮೇಲೆ ಗಡ್ಡೆ ಬೆಳೆಯುವುದು. ಬಲಗಿವಿ ಹೋಗಿ ಎರಡು ವರ್ಷವಾಗಿತ್ತು. ಎಡಗಡೆಯ ಗಡ್ಡೆಯನ್ನು ಮೇ ತಿಂಗಳಲ್ಲಿ ತೆಗೆಯುವವರಿದ್ದರು. ಅದರೊಂದಿಗೆ ನರವೂ ಹೋಗುತ್ತದೆ. ಅದಾದ ಮೇಲೆ ಉಳಿಯುವುದು ತಾಯಿಗೆ ಕೂರಿಸಿದ್ದಂಥ ಸಾಧನವೊಂದೇ. ಅದು ಕಿವಿಯನ್ನೂ ನರವನ್ನೂ ಬಿಟ್ಟು ನೇರ ಮಿದುಳಿನ ಕಾಂಡಕ್ಕೇ ಸದ್ದು ಮುಟ್ಟಿಸುವಂಥದ್ದು.

ಸ್ಮಶಾನದಿಂದ ಎಲ್ಲರೂ ಎದುರಿನ ಛತ್ರಕ್ಕೆ ಚಹಾಕ್ಕೆ ಬಂದರು. ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಟಚಟ ಎನ್ನುತ್ತಿತ್ತು. ಬೆಣ್ಣೆ ಕೇಕಿನ ತಟ್ಟೆಗಳು ಕೈಯಿಂದ ಕೈಗೆ ಹೋದವು.

"ಇವಳಿಗೂ ಅದೇ ಆಸ್ಪತ್ರೆ, ಅದೇ ಆಪರೇಷನ್," ಎಂದ ಹಿನ್ರಿಕ್. "ಹತ್ತೊಂಬತ್ತು ವರ್ಷ ಗೇಶೆಗೆ ಕೇಳ್ಸಿಲ್ವಾ?"

"ಕೇಳ್ಸ್ತಿತ್ತಪ್ಪ, ಬೇಕಾದ್ದು ಮಾತ್ರ!" ಎಂದ ಫೊಕ್ಕೊ. "ನಾನು ಬೇಲಿ ಈಚೆಯಿಂದ ಗಂಟಲು ಹರ್ಕೊಂಡ್ರೂ ಮಹಾರಾಣಿ ತಿರುಗಿ ನೋಡ್ತಿರ್ಲಿಲ್ಲ."

ಮೇಜಿನ ಸುತ್ತ ನಗು ಎದ್ದಿತು. ಹಿನ್ರಿಕ್ ಕೂಡ ನಕ್ಕ. ಆಲ್ಮುತ್ ನಗಲಿಲ್ಲ.

*

ಹದಿನಾರು ವರ್ಷದ ಹಿಂದೆ, ಆಲ್ಮುತ್‌ಗೆ ಆಗ ಹದಿನೈದು. ನಿನಗೂ ಅದೇ ರೋಗ ಎಂದು ಡಾಕ್ಟರು ಹೇಳಿದ ದಿನ. ಅಮ್ಮ ಅಡುಗೆಮನೆಯಲ್ಲಿ ಕೊಳಾಯಿ ಬಿಟ್ಟು, ಬೆನ್ನು ಹಾಕಿಕೊಂಡು ತಟ್ಟೆ ತೊಳೆಯುತ್ತಿದ್ದಳು. ಆಲ್ಮುತ್ ಬಾಗಿಲಲ್ಲೇ ನಿಂತು, "ಇದು ನಿನ್ನಿಂದ ಬಂದದ್ದು. ಆ ಆಪರೇಷನ್‌ನಲ್ಲೇ ಸತ್ತು ಹೋಗಬಾರದಿತ್ತಾ ನೀನು?" ಎಂದಳು. ಸ್ಪಷ್ಟವಾಗಿಯೇ ಅಂದಳು.

ಅಮ್ಮನ ಕೈ ನಿಲ್ಲಲಿಲ್ಲ. ಇನ್ನೆರಡು ತಟ್ಟೆ ತೊಳೆದು, ತಿರುಗಿ, ಮಗಳನ್ನು ಕಂಡು ನಕ್ಕಳು. "ಬಂದ್ಯಾ? ಸೂಪ್ ಬಿಸಿ ಇದೆ, ಕೂತ್ಕೋ."

ಬೈದಿದ್ದರೆ, ಒಂದೇಟು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆ ನಗುವನ್ನು ಆಲ್ಮುತ್‌ಗೆ ಸಹಿಸಲಾಗಲಿಲ್ಲ. ಹದಿನೆಂಟಕ್ಕೆ ಬ್ರೆಮೆನ್ ನಗರಕ್ಕೆ ಹೊರಟುಹೋದಳು. ಆಮೇಲೆ ಕ್ರಿಸ್‌ಮಸ್‌ಗೆ ಎರಡು ದಿನ ಬರುವಳು, ಹವೆಯ ವಿಚಾರ ಮಾತಾಡುವಳು, ಹೋಗುವಳು. ಅಮ್ಮ ಬಸ್ ನಿಲ್ದಾಣದವರೆಗೂ ಬಂದು ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಲೆಕ್ಕ ಇನ್ನೂ ತೀರಿಲ್ಲ ಎಂದು ಅಮ್ಮನ ಕಣ್ಣು ಹೇಳುತ್ತಿದೆ ಎಂದುಕೊಳ್ಳುತ್ತಿದ್ದಳು ಆಲ್ಮುತ್.

*

ಮೇಜಿನ ತುದಿಯಲ್ಲಿ ನರೆಗೂದಲ ಟೋಮ್ಕೆ ಕುಳಿತಿದ್ದಳು. ಸಾಧನ ಕೂರಿಸಿದ ಮೇಲೆ ಆಸ್ಪತ್ರೆಯಲ್ಲಿ ಗೇಶೆಗೆ ಕೇಳುವುದನ್ನು ಅಭ್ಯಾಸ ಮಾಡಿಸಿದವಳು ಅವಳೇ. ಆಲ್ಮುತ್ ಅವಳ ಪಕ್ಕಕ್ಕೆ ಹೋಗಿ ಕೂತಳು.

"ನನಗೂ ನೀವೇ ಹೇಳಿಕೊಡ್ತೀರಾ? ಅಮ್ಮನಿಗೆ ಕೇಳ್ತಿದ್ದಷ್ಟು ಕೇಳಿದ್ರೆ ಸಾಕು ನನಗೆ."

ಟೋಮ್ಕೆ ಬಟ್ಟಲು ಕೆಳಗಿಟ್ಟಳು. "ನಿಮ್ಮಮ್ಮನಿಗೆ ಮಾತು ಕೇಳಿಸ್ತಿರ್ಲಿಲ್ಲ, ಮಗಾ."

"ಅಂದ್ರೆ?"

"ಸದ್ದು ಕೇಳ್ತಿತ್ತು. ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು. ಮಾತು ಅಂದ್ರೆ ಗೋಡೆ ಆಚೆ ಯಾರೋ ಗೊಣಗಿದ ಹಾಗೆ. ತುಟಿ ಕಾಣ್ತಿದ್ರೆ ಆ ಗೊಣಗಾಟದಿಂದ ಉಪಯೋಗ ಇತ್ತು, ಅರ್ಧಕ್ಕಿಂತ ಜಾಸ್ತಿ ಹಿಡೀತಿದ್ಲು. ನಾನು ಬಾಯಿಗೆ ಕಾಗದ ಅಡ್ಡ ಹಿಡಿದ್ರೆ ನೂರು ವಾಕ್ಯದಲ್ಲಿ ಒಂದೂ ಇಲ್ಲ. ಕೆಲವರಿಗೆ ಫೋನಲ್ಲಿ ಮಾತಾಡೋಷ್ಟು ಬರುತ್ತೆ. ತೀರ ಅಪರೂಪ. ನಿನಗೆ ಎಷ್ಟು ಬರುತ್ತೋ, ಯಾರೂ ಮಾತು ಕೊಡೋಕಾಗಲ್ಲ."

"ಮತ್ತೆ ಅಪ್ಪ..."

"ಅವನಿಗೆ ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡಿದ್ಲು."

*

ಸಾಧನಕ್ಕೆ ಜೀವ ಕೊಟ್ಟ ದಿನ ಹಿನ್ರಿಕ್ ಹೆಂಡತಿಯ ಬೆನ್ನ ಹಿಂದೆ ನಿಂತು "ಗೇಶೆ" ಎಂದು ಕರೆದಿದ್ದ. ಅವಳು ತಿರುಗಿದ್ದಳು. ಅವನು ಮಂಡಿಯೂರಿ, ಅವಳ ಮಡಿಲಲ್ಲಿ ಮುಖವಿಟ್ಟು ಅತ್ತ. ಊರ ಪತ್ರಿಕೆಯಲ್ಲಿ ಅದೇ ಚಿತ್ರ ಬಂತು.

ಅವಳು ತಿರುಗಿದ್ದು ತಲೆಯೊಳಗೆ ಏನೋ ಬುಸ್ಸೆಂದಿತೆಂದು, ಎಲ್ಲಿಯ ಕೊಳಾಯಿ ಒಡೆಯಿತೋ ಎಂದು. ಅಳುತ್ತಿದ್ದ ಗಂಡನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಆರು ತಿಂಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಸಾಕು ಎಂದುಕೊಂಡಳು. ಆರು ತಿಂಗಳಾಗುವಷ್ಟರಲ್ಲಿ ಮನೆಯವರು ಅವಳಿಗಾಗಿ ಚೀಟಿ ಬರೆಯುವುದನ್ನು ಬಿಟ್ಟಿದ್ದರು. ಸಂಜೆ ಮಬ್ಬಾಗಿ ತುಟಿ ಕಾಣದಂತಾದ ಮೇಲೆ ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ. ಅವಳಿಗೆ ಜಂಬ ಬಂದಿದೆ ಎಂದಿತು ಊರು.

*

"ಹಿಂದಿನಿಂದ ಏನಾದ್ರೂ ಅಂದ್ರೆ?" ಆಲ್ಮುತ್ ಕೇಳಿದಳು.

"ಯಾರೋ ಮಾತಾಡಿದ್ರು ಅಂತ ಗೊತ್ತಾಗಬಹುದು. ಕೊಳಾಯಿ ಬಿಟ್ಟಿದ್ರೆ ಅದೂ ಇಲ್ಲ. ಯಾಕೆ?"

ಕ್ಷಮೆ ಕೇಳಲು ಹದಿನಾರು ವರ್ಷ ಧೈರ್ಯ ಬರದೆ ಇದ್ದ ಆಲ್ಮುತ್, ಅಂದಿನ ಆ ಮಾತು ತಾಯಿಯನ್ನು ಮುಟ್ಟೇ ಇರಲಿಲ್ಲ ಎಂದು ಈಗ ತಿಳಿದು, ತಟ್ಟೆಯಲ್ಲಿದ್ದ ಕೇಕನ್ನು ಬೆರಳಲ್ಲಿ ಪುಡಿಮಾಡುತ್ತ ಕುಳಿತಳು. ಬಸ್ ನಿಲ್ದಾಣದಲ್ಲಿ ಅಮ್ಮ ನೋಡುತ್ತಿದ್ದದ್ದು ಅವಳ ತುಟಿಗಳನ್ನು.

ಮನೆಗೆ ಬಂದ ಮೇಲೆ ಹಿನ್ರಿಕ್ ಕರಿ ಕೋಟು ಬಿಚ್ಚುತ್ತ, "ನಾಳೆ ಆಸ್ಪತ್ರೆಗೆ ಫೋನ್ ಮಾಡಿ ಮೇ ತಾರೀಖು ಗಟ್ಟಿ ಮಾಡ್ತೀನಿ," ಎಂದ.

"ಮಾಡು. ಅಪ್ಪ, ನಿನ್ನ ಮೀಸೆ ತೆಗಿ."

"ಏನು?"

"ತುಟಿ ಮುಚ್ಚುತ್ತೆ ಅದು. ನೀನು ಏನು ಹೇಳ್ತೀಯ ಅಂತ ನನಗೆ ಕಾಣಬೇಕು."

"ಹುಚ್ಚಾ ನಿನಗೆ? ಕೇಳ್ಸೋಕೆ ಅಂತ ತಾನೇ ಆಪರೇಷನ್?"

"ಅಮ್ಮ ಯಾವತ್ತೂ ಹೇಳಿರ್ಲಿಲ್ವಾ, ತೆಗಿ ಅಂತ?"

ಅವನು ಕೋಟನ್ನು ಕೈಯಲ್ಲೇ ಹಿಡಿದು ನಿಂತ. "ಹೇಳಿದ್ಲು. ಸುಮಾರು ಸಲ ಹೇಳಿದ್ಲು. ಕಿವಿ ಕೊಡಿಸಿದೀನಲ್ಲ, ಮೀಸೆ ತಂಟೆ ನಿನಗ್ಯಾಕೆ ಅಂತ ನಾನು..." ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿ ಎಳೆದು ಕುಳಿತ.

ಆಲ್ಮುತ್ ಕತ್ತರಿ ತಂದಳು, ಸೋಪು, ರೇಜರ್ ತಂದು ಮೀಸೆ ಬೋಳಿಸಿದಳು. ನಲವತ್ತು ವರ್ಷ ಬಿಸಿಲು ಕಾಣದ ಮೇಲ್ದುಟಿ ಬಿಳಿಚಿಕೊಂಡು, ತೆಳ್ಳಗೆ ಹೊರಗೆ ಬಂತು. ಅದು ಏನೋ ಹೇಳತೊಡಗಿತು, ನಿಲ್ಲದೆ. ಆಲ್ಮುತ್ ಕೇಳುವ ಎಡಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡು, ಅವನ ಎದುರು ಬಗ್ಗಿ, ಆ ತುಟಿಗಳನ್ನೇ ನೋಡಿದಳು. ಒಂದು ಪದವೂ ತಿಳಿಯಲಿಲ್ಲ.