ಬಲಕ್ಕೆ ವಾಲುವ ಕಾರು

ಗಣಿ ಕಾರ್ಮಿಕರ ಸಾಲುಮನೆಗಳ ಊರಿಗಾಂ ಲೈನಿನ ಶ್ಯಾಮಲಾಳ ಮೂಗಿಗೆ ಮೂರು ವರ್ಷದಿಂದ ಒಂದು ದಿನವೂ ರಜೆಯಿರಲಿಲ್ಲ. ಗಂಡ ಸೆಲ್ವರಾಜ್ ಕಾರಿನ ಬಾಡಿಗೆ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ನೀರಿನ ಚೊಂಬು ಹಿಡಿದು ಹತ್ತಿರ ಹೋಗುತ್ತಿದ್ದಳು. ನೀರು ಕೊಡುವುದು ನೆಪ, ಉಸಿರು ಮೂಸುವುದು ಕೆಲಸ. ಅವನು ಕುಡಿತ ಬಿಟ್ಟ ದಿನ ಅವಳು ಹೇಳಿದ್ದು ಒಂದೇ ಮಾತು: ಇನ್ನೊಮ್ಮೆ ಮುಟ್ಟಿದರೆ ಜಗಳವಿಲ್ಲ, ಪಂಚಾಯಿತಿಯಿಲ್ಲ, ನೆಟ್ಟಗೆ ಜೋಲಾರಪೇಟೆಯ ಅಕ್ಕನ ಮನೆಗೆ. ಮೂರು ವರ್ಷ ಮೂಗಿಗೆ ಏನೂ ಸಿಕ್ಕಿರಲಿಲ್ಲ. ಸಿಗದಿದ್ದರೆ ನೆಮ್ಮದಿ ಬರಬೇಕಿತ್ತು. ಇವಳಿಗೆ ಮಾತ್ರ, ಸಿಗದಂತೆ ಎಷ್ಟು ಜಾಣತನದಿಂದ ಕುಡಿಯುತ್ತಿರಬಹುದು ಎಂಬ ಯೋಚನೆ ಬರುತ್ತಿತ್ತು.

ಅಷ್ಟರಲ್ಲಿ ಕಾರು ಗೋಡೆಗೆ ಉಜ್ಜಿತು. ಇಪ್ಪತ್ತೈದು ವರ್ಷದ ಹಳೆಯ ಬಿಳಿ ಕಾರು. ದಿನಾ ಬೆಳಿಗ್ಗೆ ಬಂಗಾರಪೇಟೆಯ ರೈಲಿಗೆ ಜನರನ್ನು ಬಿಟ್ಟು ಬರುವುದೇ ಸಂಸಾರದ ಹೊಟ್ಟೆಪಾಡು. ಅಡ್ಡ ಬಂದ ಹಸು ನೋಡಿ ಬ್ರೇಕ್ ಒತ್ತಿದರೆ, ಕಾರು ಬಲಕ್ಕೆ ತಿರುಗಿ ಯಾರದೋ ಕಾಂಪೌಂಡಿಗೆ ತಾಗಿತಂತೆ.

"ಬ್ರೇಕ್ ಒತ್ತುದ್ರೆ ಗಾಡಿ ಬಲಕ್ಕೆ ವಾಲ್ತೈತೆ," ಎಂದ ಸೆಲ್ವರಾಜ್.

"ಗಾಡಿ ವಾಲ್ತೈತೋ, ಓಡ್ಸೋನು ವಾಲ್ತವ್ನೋ?"

ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ರೇಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಲ್ಲೇ ಹತ್ತಿರದ ಕೋರಮಂಡಲ್‌ನ ಒಬ್ಬ ಮೆಕ್ಯಾನಿಕ್ ಬಲಗಡೆಯ ಚಕ್ರ ಬಿಚ್ಚಿ ಹೊಸ ಬ್ರೇಕ್ ಪ್ಯಾಡ್ ಹಾಕಿದ. ಕಾರು ಮತ್ತೆ ಬಲಕ್ಕೇ ಹೋಯಿತು. ಶ್ಯಾಮಲಾಳ ಪ್ರಕಾರ ವಿಷಯ ಸರಳವಾಗಿತ್ತು: ಗಾಡಿ ರಿಪೇರಿಯಾಗಿದೆ, ಗಂಡ ಆಗಿಲ್ಲ.

ಶನಿವಾರ ಸಂಜೆ ಅವನು ನಲ್ಲಿಯ ಹತ್ತಿರ ನಿಂತು ಫೋನಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಿದ್ದ. ಅವಳಿಗೆ ಬರುವ ತೆಲುಗು ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡುವಷ್ಟು. ಆದರೂ ಕಿವಿಗೆ ಸ್ಪಷ್ಟವಾಗಿ ಬಿತ್ತು: "ರೋಜೂ ಕುಡಿಕೇ ಪೋತುಂದನ್ನಾ. ಪೊದ್ದುನ ಕೂಡಾ ಕುಡಿಕೇ."

ರೋಜೂ ಅಂದರೆ ದಿನಾ, ಪೊದ್ದುನ ಅಂದರೆ ಬೆಳಿಗ್ಗೆ. ಅಷ್ಟು ಗೊತ್ತಿತ್ತು. ಉಳಿದದ್ದಕ್ಕೆ ತೆಲುಗು ಯಾಕೆ ಬೇಕು? ಅವಳ ಮನೆಮಾತು ತಮಿಳಿನಲ್ಲಿ 'ಕುಡಿಕ್ಕ' ಹೋಗುವುದೆಂದರೆ ಕುಡಿಯಲು ಹೋಗುವುದು. ಕನ್ನಡದಲ್ಲೂ ಕುಡಿ ಎಂದರೆ ಕುಡಿಯೇ. ಎರಡು ಭಾಷೆ ಒಟ್ಟಿಗೆ ಸಾಕ್ಷಿ ಹೇಳಿದ ಮೇಲೆ ಮೂರನೆಯದನ್ನು ಯಾರು ವಿಚಾರಿಸುತ್ತಾರೆ? ದಿನಾ ಕುಡಿಯಲು ಹೋಗುವುದು, ಬೆಳಿಗ್ಗೆಯೂ. ಅವನು ಫೋನ್ ಇಟ್ಟ ಕೂಡಲೇ ಅವಳು ಎದುರಿಗೆ ಹೋಗಿ ನಿಂತಳು.

"ಯಾರದು ಫೋನಲ್ಲಿ?"

"ಬಂಗಾರಪೇಟೆ ಮುನಿನಾರಾಯಣಪ್ಪ. ಮೆಕ್ಯಾನಿಕ್ಕು. ನಾಳೆ ಬಾ ಅಂದವ್ರೆ."

"ನಾನೂ ಬತ್ತೀನಿ."

"ಶೆಡ್ಡಲ್ಲಿ ನಿಂಗೇನು ಕೆಲ್ಸ?"

"ಜೋಲಾರಪೇಟೆ ರೈಲು ಸಿಕ್ಕೋದು ಅಲ್ಲೇ ತಾನೇ," ಎಂದಳು. ಸೆಲ್ವರಾಜ್ ಅವಳ ಮುಖ ನೋಡಿದ. ಆ ಊರಿನ ಹೆಸರಿಗೆ ಈ ಮನೆಯಲ್ಲಿ ಏನರ್ಥವೆಂದು ಅವನಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ದಾರಿಯುದ್ದಕ್ಕೂ ಅವಳು ರಸ್ತೆ ನೋಡಲಿಲ್ಲ, ಅವನ ಕಣ್ಣು ನೋಡಿದಳು, ಕೈ ನೋಡಿದಳು. ಬ್ರೇಕ್ ಒತ್ತಿದಾಗಲೆಲ್ಲ ಕಾರು ಬಲಕ್ಕೆ ಜಾರುತ್ತಿತ್ತು, ಅವನು ಸ್ಟಿಯರಿಂಗನ್ನು ಎಡಕ್ಕೆ ಜಗ್ಗುತ್ತಿದ್ದ. ತೋಳು ನಡುಗಿದಂತೆ ಕಂಡಿತು. ಹಾಗೆ ಜಗ್ಗಿದರೆ ಯಾರ ತೋಳಾದರೂ ನಡುಗುತ್ತದೆ, ಆದರೆ ಅದು ಅವಳಿಗೆ ಹೊಳೆಯಲಿಲ್ಲ.

ಮುನಿನಾರಾಯಣಪ್ಪ ಅರವತ್ತು ದಾಟಿದ ಮನುಷ್ಯ, ಮಂಡಿಯ ಮೇಲಕ್ಕೆ ಲುಂಗಿ ಕಟ್ಟಿದ್ದ. ಶೆಡ್ಡಿನ ಮೂಲೆಯಲ್ಲಿ ಖಾಲಿ ಬಾಟಲಿಗಳಿವೆಯೇ ಎಂದು ಅವಳು ಹುಡುಕಿದಳು. ಮೇಜಿನ ಕೆಳಗೆ ಬ್ರೇಕ್ ಎಣ್ಣೆಯ ಡಬ್ಬಿ ಸಿಕ್ಕಿತು. ಅದನ್ನೂ ಮೂಸಿದಳು ಮಹಾತಾಯಿ.

ಮುದುಕ ತಾನೇ ಕಾರು ಓಡಿಸಿಕೊಂಡು ಒಂದು ಸುತ್ತು ಹೋಗಿ ಬಂದ. ಇಳಿದವನೇ ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದ. "ಬಲಗಡೇದು ಕಾದೈತೆ. ಎಡಗಡೇದು ತಣ್ಣಗೈತೆ," ಎಂದು ಗೊಣಗಿಕೊಂಡ. ಆಮೇಲೆ ಸೆಲ್ವರಾಜನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದ: "ಪ್ಯಾಡ್ಲು ಮಾರ್ಚಿನಾಕ ಕೂಡಾ ಕುಡಿಕೇ ಪೋತುಂದಾ?"

ಶ್ಯಾಮಲಾ ತಡೆಯಲಾರದೆ ಹೋದಳು.

"ನಾನಿಲ್ಲೇ ನಿಂತಿವ್ನಿ. ಎಂಡ್ತಿ ಮುಂದೇನೇ ಕೇಳ್ತೀಯಲ್ಲಣ್ಣ, ಕುಡಿಯಾಕೆ ಓಗ್ತೀಯಾ ಅಂತ. ದಿನಾ ಓಗ್ತಾನಂತೆ, ಬೆಳಿಗ್ಗೇನೂ ಓಗ್ತಾನಂತೆ. ಫೋನಲ್ಲಿ ಇವ್ನು ನಿಂಗೇಳಿದ್ದು ನನ್ನ ಕಿವಿಗೂ ಬಿತ್ತು."

ಮುನಿನಾರಾಯಣಪ್ಪ ಕೈ ಒರೆಸಿಕೊಂಡು ಇಬ್ಬರನ್ನೂ ನೋಡಿದ. "ಯಾರಮ್ಮ ಕುಡಿಯೋಕೆ ಓಗೋದು? ನಮ್ಮ ತೆಲುಗಲ್ಲಿ ಕುಡಿ ಅಂದ್ರೆ ಬಲಗಡೆ ಕಣಮ್ಮ. ಪ್ಯಾಡ್ ಬದಲಾಯ್ಸಿದ್ಮೇಲೂ ಗಾಡಿ ಬಲಕ್ಕೇ ಓಯ್ತದಾ ಅಂತ ಕೇಳ್ದೆ."

ಮುದುಕ ಎಡಗಡೆಯ ಚಕ್ರ ಕಳಚಿ, ಬ್ರೇಕಿಗೆ ಎಣ್ಣೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ ತೆಗೆದು, ಅದರೊಳಗೆ ತೆಳ್ಳನೆಯ ತಂತಿ ತೂರಿಸಿದ. ತಂತಿ ಅರ್ಧದಲ್ಲೇ ನಿಂತಿತು.

"ಒಳಗೆ ಊದ್ಕೊಂಡು ಮುಚ್ಚೋಗೈತೆ. ಎಣ್ಣೆ ಸರ್ಯಾಗಿ ಬರ್ದೆ ಎಡಗಡೆ ಬ್ರೇಕ್ ಇಡೀತಿಲ್ಲ, ಬಲಗಡೇದೊಂದೇ ಇಡೀತೈತೆ. ಅದ್ಕೇ ಗಾಡಿ ಆ ಕಡೆ ತಿರುಗೋದು. ಕೋರಮಂಡಲ್‌ನೋನು ನೆಟ್ಟಗಿರೋ ಚಕ್ರಾನೇ ಬಿಚ್ಚವ್ನೆ."

ಹೊಸ ಪೈಪು ಹಾಕಿದ ಮೇಲೆ ಅದರೊಳಗೆ ಸೇರಿದ ಗಾಳಿ ತೆಗೆಯಲು ಅವಳಿಂದಲೇ ಬ್ರೇಕ್ ತುಳಿಸಿದ. ತುಳಿಯುತ್ತ ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದು ಕಣ್ಣು ಒದ್ದೆಯಾಯಿತು. ಮುದುಕನೂ ನಕ್ಕ. ಸೆಲ್ವರಾಜ್ ನಗಲಿಲ್ಲ.

ವಾಪಸು ಬರುವಾಗ ಖಾಲಿ ರಸ್ತೆಯಲ್ಲಿ ಅವನು ಸ್ಟಿಯರಿಂಗ್ ಸಡಿಲ ಬಿಟ್ಟು ಬ್ರೇಕ್ ಒತ್ತಿದ. ಕಾರು ಗೆರೆ ಎಳೆದಂತೆ ನೇರವಾಗಿ ಹೋಗಿ ನಿಂತಿತು.

"ತಪ್ಪಾಯ್ತು," ಎಂದಳು ಶ್ಯಾಮಲಾ.

ಅವನು ಕಾರು ಮುಂದಕ್ಕೆ ಬಿಡಲಿಲ್ಲ. "ಗೋಡೆಗೆ ಉಜ್ಜಿದ ದಿನ ನೀನು ಓಡ್ಸೋನೇ ವಾಲ್ತವ್ನೆ ಅಂದ್ಯಲ್ಲ. ಮಾರ್ನೇ ದಿನ ಬ್ರಾಂದಿ ಅಂಗ್ಡಿ ಮುಂದೆ ಗಾಡಿ ನಿಲ್ಸಿದ್ದೆ. ಕುಡುದ್ರೂ ಅದೇ ಮಾತು, ಕುಡೀದಿದ್ರೂ ಅದೇ ಮಾತು ಅನ್ನಿಸ್ತು."

ಅವಳು ಅವನ ಕಡೆ ತಿರುಗಿದಳು. "ಆಮ್ಯಾಲೆ?"

"ಇಳೀಲಿಲ್ಲ."

ಯಾವ ಅಂಗಡಿ, ಎಷ್ಟು ಹೊತ್ತು, ಜೊತೆಗೆ ಯಾರಿದ್ದರು, ಇಳಿಯಲಿಲ್ಲ ಅನ್ನುವುದಕ್ಕೆ ಯಾರು ಸಾಕ್ಷಿ, ಎಲ್ಲ ಪ್ರಶ್ನೆಗಳೂ ಅವಳ ನಾಲಿಗೆಯ ತುದಿಗೆ ಬಂದು ನಿಂತವು. ಅವನ ಮುಖ ನೋಡಿದಳು. ಅವನು ಅವುಗಳಿಗಾಗಿಯೇ ಕಾಯುತ್ತಿದ್ದ. ಅವಳಿಗೆ ಭಯವಾಯಿತು.

"ನಡಿ, ಮನೆಗೋಗಾನ," ಎಂದಳು.

"ಇನ್ನೇನೂ ಕೇಳಲ್ವಾ?"

"ಇಲ್ಲ."

ಪೂರ್ತಿ ನಂಬಿಕೆ ಬಂದಿತ್ತೆಂದಲ್ಲ. ಈಗ ಕೇಳಿದರೆ ಮುಂದಿನ ಸಲ ಅವನು ಇಳಿದುಬಿಡುತ್ತಾನೆ ಎಂದು ಅವಳಿಗೆ ಗೊತ್ತಾಗಿತ್ತು.