ಗೇಟಿಗೆ ಕಟ್ಟಿದ ಕಾಡು ಲೈಲಾಕ್

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಮಾರ್ತಾ ಹೊಳೆದಂಡೆಗೆ ಹೋದಾಗ ನೇರಳೆ ಹೂಬಿಡುವ ಕಾಡು ಲೈಲಾಕ್ ಪೊದೆಯಲ್ಲಿ ಒಂದು ಹೂವೂ ಇರಲಿಲ್ಲ. ಹೂಬಿಟ್ಟಿದ್ದ ಏಳು ಕೊಂಬೆಗಳನ್ನೂ ಯಾರೋ ಕೊಯ್ದಿದ್ದರು.

ಕಾರ್ಪೇಥಿಯನ್ ಬೆಟ್ಟದ ಆ ಊರಿನ ಹೊಳೆಯನ್ನು ವಿದ್ಯುತ್ ಕಂಪನಿಯೊಂದು ಮೂರು ಕಿಲೋಮೀಟರ್ ಕೊಳವೆಯೊಳಗೆ ಹರಿಸಲು ಹೊರಟಿತ್ತು. ಸೋಮವಾರ ಅಗೆತ ಶುರು. ದಂಡೆಯ ಈ ಲೈಲಾಕ್ ಕಾನೂನು ರಕ್ಷಿಸುವ ಗಿಡ, ಅಲ್ಲಿ ಅಗೆಯಬಾರದು ಎಂದು ಅರ್ಜಿ ಬರೆದವಳು ಮಾರ್ತಾ. ಪರಿಶೀಲನೆಗೆ ಸಸ್ಯತಜ್ಞ ಬಿಲಾಕ್ ಒಂಬತ್ತಕ್ಕೆ ಬರುವವರಿದ್ದರು.

ಕೊಂಬೆಗಳು ಅವಳ ಮನೆಯ ಗೇಟಿನ ಮೇಲೇ ಇದ್ದವು. ಮರುದಿನ ಮನೆ, ಗೇಟುಗಳಿಗೆಲ್ಲ ಹಸಿರು ಕೊಂಬೆ ಕಟ್ಟುವ ಹಸಿರು ಭಾನುವಾರದ ಹಬ್ಬ. ಅತ್ತೆ ಹಾಫಿಯಾ ಕೊನೆಯ ಗಂಟು ಬಿಗಿಯುತ್ತಿದ್ದಳು.

“ಅತ್ತೆ, ಇದನ್ನೇ ಕೊಯ್ಯಬೇಕಿತ್ತಾ? ಬಿಚ್ಚಿಕೊಡಿ.”

“ಹಬ್ಬದ ಹಸಿರನ್ನ ವಾರದೊಳಗೆ ಬಿಚ್ಚಿದ್ರೆ ಮನೆಯಿಂದ ಹೆಣ ಹೊರಡುತ್ತೆ ಕಣೆ.”

“ಈ ಗಿಡಕ್ಕೇ ನಾನು ಅರ್ಜಿ ಬರೆದಿದ್ದು!”

“ನೀನು ಅಪರೂಪದ ಸಸ್ಯ ಅಂತಿದ್ದೆ. ಅರವತ್ತು ವರ್ಷದಿಂದ ಕೊಯ್ತಿದೀನಿ, ಇದೇನು ಅಪರೂಪ?”

ಬಿಲಾಕ್ ಬಂದರು. ಪೊದೆ ನೋಡಿದರು, ಗೇಟು ನೋಡಿದರು.

“ಹೂವು ನೋಡಿದ್ರೆ ಜಾತಿ ಅದೇ. ಆದ್ರೆ ಬುಡ ಅಲ್ಲಿ, ಹೂವು ಇಲ್ಲಿ. ಯಾರದೋ ತೋಟದ ಹೂವು ಅಂತ ಕಂಪನಿ ವಕೀಲ ಅಂದ್ರೆ? ಕೊಯ್ದ ತುದಿಯನ್ನ ಬುಡಕ್ಕೆ ಹೊಂದಿಸಿ ಫೋಟೊ ತೆಗೀಬೇಕು. ಹನ್ನೊಂದಕ್ಕೆ ನನ್ನ ಬಸ್ಸು.”

ಮಾರ್ತಾ ಚಾಕು ತಂದಳು. ಹಾಫಿಯಾ ಗೇಟಿಗೆ ಬೆನ್ನು ಕೊಟ್ಟು ನಿಂತಳು.

“ಮುಟ್ಟಬೇಡ. ನನ್ನ ಮಗ ಇವತ್ತು ಕಾಡಲ್ಲಿ ಮರ ಕಡೀತಿದಾನೆ.”

“ನನಗೂ ಅವನು ಗಂಡ, ಅತ್ತೆ.”

ಹಾಗೆಂದರೂ ಮಾರ್ತಾಳ ಕೈ ಮುಂದೆ ಹೋಗಲಿಲ್ಲ. ಹೀಗೇ ಮುಕ್ಕಾಲು ಗಂಟೆ ಕಳೆಯಿತು. ಬಿಲಾಕ್ ಎರಡು ಸಲ ಗಡಿಯಾರ ನೋಡಿದರು. ಹತ್ತು ದಾಟಿದ ಮೇಲೆ ಹಾಫಿಯಾ ಗೇಟಿನ ಕೀಲುಗಳತ್ತ ತಿರುಗಿದಳು.

“ಬಿಚ್ಚಬಾರದು ಅಂದೆ. ಗೇಟನ್ನೇ ಹೊತ್ಕೊಂಡು ಹೋಗಬಾರದು ಅಂತ ಅಂದೆನಾ?”

ಹೆಗಲು ಕೊಟ್ಟು ಗೇಟನ್ನು ಕೀಲಿನಿಂದ ಎತ್ತಿ ಬಿಲಾಕರನ್ನು ಕರೆದಳು.

“ಮೇಷ್ಟ್ರೇ, ಆ ಕಡೆ ಹಿಡೀರಿ. ಬರೀ ಪೆನ್ನು ಹಿಡಿದು ಕೈ ಸೋತಿರಬೇಕು.”

ಮೂವರೂ ಗೇಟು ಹೊತ್ತು ಇಳಿಜಾರಿನಲ್ಲಿ ಇಳಿದರು. ಕಟ್ಟಿದ ಕೊಂಬೆಗಳ ಕೊಯ್ದ ತುದಿಗಳು ಕೆಳಗೆ ಚಾಚಿದ್ದವು. ಗೇಟನ್ನು ನೀರಿನಂಚಿನಲ್ಲಿ ಓರೆಯಾಗಿಸಿ ಒಂದೊಂದೇ ತುದಿಯನ್ನು ಪೊದೆಯಲ್ಲಿ ಗೇಟಿಗೆ ಎಟುಕುತ್ತಿದ್ದ ಒಂದೇ ಬುಡಕ್ಕೆ ತಾಗಿಸಿದರು. ಮೊದಲನೆಯದು ದಪ್ಪವಾಯಿತು. ಎರಡನೆಯದು, ಮೂರನೆಯದು ಹೊಂದಲಿಲ್ಲ.

“ತೋಟದ್ದು ಅಂತ ಬರೀತೀರಾ?” ಮಾರ್ತಾ ಕೇಳಿದಳು.

“ಇನ್ನೂ ನಾಲ್ಕು ಇವೆ. ಗೇಟು ಅಲ್ಲಾಡಿಸಬೇಡಿ.”

ನಾಲ್ಕನೆಯ ತುದಿಯ ಓರೆ ಕೊಯ್ತ ಬುಡದ ಕೊಯ್ತಕ್ಕೆ ಸರಿಯಾಗಿ ಕೂತಿತು. ತೊಗಟೆಯ ಹಳೆಯ ಸೀಳೊಂದು ಎರಡರ ಮೇಲೂ ಒಂದೇ ಗೆರೆಯಾಗಿ ಹಾದಿತ್ತು. ಬಿಲಾಕ್ ಆರು ಫೋಟೊ ತೆಗೆದರು. ಆಗ ಹನ್ನೊಂದೂ ಐದು; ಅವರ ಬಸ್ಸು ಹೋಗಿಯಾಗಿತ್ತು.

ಮಾರ್ತಾಳ ಗಂಡ ಸಂಜೆ ಆರಕ್ಕೆ ಮನೆಗೆ ಬಂದು ಗೇಟನ್ನು ಮತ್ತೆ ಕೂರಿಸಿದ. ಸೋಮವಾರ ಬಿಲಾಕರ ವರದಿಯ ಮೇಲೆ ಕೆಲಸಕ್ಕೆ ತಡೆ ಬಂತು. ಅಗೆಯುವ ಯಂತ್ರ ಹೊತ್ತು ಬಂದ ಲಾರಿ ಅದನ್ನು ಇಳಿಸದೆ ವಾಪಸು ಹೋಯಿತು.