ಗುಡಿಗೆ ಮುಖ ಮಾಡಿದ ಲಾರಿ

ಮೆಕ್ಯಾನಿಕ್ ಹುಸೇನಸಾಬ ಇಂಜಿನ್ನಿನ ಎಣ್ಣೆಯ ಮಟ್ಟ ತೋರಿಸುವ ಆಯಿಲ್ ಕಡ್ಡಿಯನ್ನು ಎಳೆದು, ಹಳೆಯ ಬನಿಯನ್ನಿನ ಚೂರಿನಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ಬಿಸಿಲಿಗೆ ಹಿಡಿದ. ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳಿನಷ್ಟು ಎಣ್ಣೆ ಹತ್ತಿತ್ತು. ಮೂರನೆಯ ಸಲವೂ ಹಾಗೆಯೇ ಮಾಡಿದ.

"ಏನ್ರಿ ಸಾಬ್ರ, ಇಂಜಿನ್ ಬಿಚ್ಚಬೇಕೇನ?" ಲಾರಿಯ ಮಾಲೀಕ ಅಮಾತೆಪ್ಪ ಕೇಳಿದ. ದನಿಯಲ್ಲಿ ಆತಂಕಕ್ಕಿಂತ ದಣಿವೇ ಹೆಚ್ಚಿತ್ತು.

ಇಳಕಲ್ಲಿನಲ್ಲಿ ಗ್ರಾನೈಟ್ ಹೇರಿಕೊಂಡು ಬಾಗಲಕೋಟೆಗೆ ಹೊರಟಿದ್ದ ಲಾರಿ ಹುನಗುಂದ ಮುಟ್ಟುವಷ್ಟರಲ್ಲಿ ನೀಲಿ ಹೊಗೆ ಕಾರಿತ್ತು. ಈ ಗ್ಯಾರೇಜಿನ ಬೇವಿನ ಮರದ ಕೆಳಗೆ ಅದು ನಿಂತು ತಾಸಿನ ಮೇಲಾಗಿದ್ದರೂ ಇಂಜಿನ್ನಿನ ಹೊಟ್ಟೆಯಿಂದ ತೊಟ್ಟು ತೊಟ್ಟಾಗಿ ಎಣ್ಣೆ ಬೀಳುತ್ತಲೇ ಇತ್ತು. ಒಂದೂವರೆ ವರ್ಷದಿಂದ ಇದೇ ಕಥೆ. ಸೀಲ್ ಬದಲಿಸಿದ್ದಾಯಿತು, ಪ್ಯಾಕಿಂಗ್ ಬದಲಿಸಿದ್ದಾಯಿತು. ದಿನಾ ಬೆಳಿಗ್ಗೆ ನೋಡಿದರೆ ಕಡ್ಡಿಯ ತುದಿ ಒಣಗಿರುತ್ತಿತ್ತು. ಅಮಾತೆಪ್ಪ ದಿನಾ ಎಣ್ಣೆ ಸುರಿಯುತ್ತಿದ್ದ.

"ಇದಕ್ಕ ಎಣ್ಣಿ ಕಡಿಮಿ ಆಗಿಲ್ಲೋ ಮಾರಾಯಾ, ಅಜೀರ್ಣ ಆಗೇತಿ. ಉಂಡವಗ ಮತ್ತ ಮತ್ತ ಉಣ್ಣಿಸಿದ್ರ ಕಾರಿಕೊಳ್ಳದ ಏನ ಮಾಡೀತು? ಕಡ್ಡಿ ಎಲ್ಲಿ ನೋಡ್ತಿ ನೀ?" ಸಾಬ ಕೇಳಿದ.

"ಮನಿ ಮುಂದ. ಮುಂಜಾನಿ, ಇಂಜಿನ್ ಚಾಲೂ ಮಾಡೂಕಿಂತ ಮೊದಲ."

"ಮನಿ ಮುಂದ ನೆಲ ಹೆಂಗೈತಿ?"

ಅಮಾತೆಪ್ಪನಿಗೆ ಮನೆಯ ಮುಂದಿನ ನೆಲ ಕಣ್ಣಿಗೆ ಬಂತು. ಹೊಸ ಮನೆ ಕಟ್ಟಿಸಿದ್ದು ಊರಂಚಿನಲ್ಲಿ, ಬೀರಪ್ಪನ ಗುಡಿಯ ದಿಬ್ಬದ ಬುಡಕ್ಕೆ. ಅಪ್ಪ ಕುರಿ ಕಾಯುತ್ತಿದ್ದಾಗ ಹಟ್ಟಿಯ ಬಾಗಿಲನ್ನು ಗುಡಿಯ ಕಡೆಗೇ ಇಡುತ್ತಿದ್ದ. ಬೆಳಗಾದರೆ ಕುರಿಗಳು ಮೊದಲು ದೇವರನ್ನು ನೋಡಬೇಕು ಎನ್ನುತ್ತಿದ್ದ. ಅಮಾತೆಪ್ಪನಿಗೆ ಕುರಿ ಇರಲಿಲ್ಲ, ಲಾರಿ ಇತ್ತು. ಒಂದೂವರೆ ವರ್ಷದ ಹಿಂದಿನ ಗೃಹಪ್ರವೇಶದ ದಿನದಿಂದ ಅದನ್ನು ಗುಡಿಗೆ ಮುಖ ಮಾಡಿಯೇ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಕೈಕಾಲು ತೊಳೆದು, ಗಾಜಿನ ಮೇಲೆ ದೇವರ ಅರಿಸಿನ ಭಂಡಾರ ಹಚ್ಚಿ, ಆಮೇಲೆ ಕಡ್ಡಿ ಎಳೆಯುತ್ತಿದ್ದ. ಎಣ್ಣೆ ಸುರಿಯುವುದೂ ಪೂಜೆಯ ಒಂದು ಭಾಗವೇ ಆಗಿಹೋಗಿತ್ತು.

"ಏರು ಐತ್ರಿ," ಎಂದ.

ಹುಸೇನಸಾಬ ಅರ್ಧ ನೀರಿದ್ದ ಬಾಟಲಿಯನ್ನು ಅಡ್ಡ ಹಿಡಿದು, ಮೂತಿಯ ಕಡೆ ಸ್ವಲ್ಪ ಎತ್ತಿದ. ನೀರು ಬುಡಕ್ಕೆ ಸರಿಯಿತು. "ಲಾರಿ ಮುಖ ಮ್ಯಾಲ ಮಾಡಿ ನಿಂತ್ರ ಎಣ್ಣಿ ಹಿಂದಕ್ಕ ಹೋಗ್ತೈತಿ. ನಿನ್ನ ಕಡ್ಡಿ ಇರೂದು ಮುಂದ. ಒಣಗಿ ಕಾಣತೈತಿ, ನೀ ಸುರೀತಿ. ಹೆಚ್ಚಾದದ್ದು ಸೀಲ್ ಒಡಕೊಂಡು ಹೊರಗ ಬರತೈತಿ, ಉಳಿದದ್ದು ಸುಟ್ಟು ಹೊಗಿ ಆಗತೈತಿ. ಅಷ್ಟ." ಬಾಟಲಿಯನ್ನು ಕೆಳಗಿಟ್ಟ. "ಲಾರಿ ಹತ್ತಿದಾಗಿಂದ ಕಡ್ಡಿ ನೋಡವ, ನಿನಗ ತಿಳಿಬಾರದೇನು? ಮಾಳಿಂಗಗಾದ್ರೂ ತಿಳೀಲಿಲ್ಲೇನು?"

ಆ ಹೆಸರು ಬಂದದ್ದೇ ಅಮಾತೆಪ್ಪ ನೆಲ ನೋಡಿದ. ಸಾಬ ಸ್ಪ್ಯಾನರ್ ಹುಡುಕತೊಡಗಿದ. ಹುನಗುಂದದ ಗ್ಯಾರೇಜಿನವರಿಗೂ ಆ ಸುದ್ದಿ ಗೊತ್ತಿತ್ತು.

ಮಾಳಿಂಗರಾಯ ಹೆಂಡತಿ ಸಿದ್ದವ್ವನ ತಮ್ಮ. ಹನ್ನೊಂದು ವರ್ಷ ಇದೇ ಲಾರಿ ಹೊಡೆದವನು. ಎಂಟು ತಿಂಗಳ ಹಿಂದೆ ಇಳಕಲ್ಲಿನ ಕಲ್ಲಿನ ಅಂಗಳದಲ್ಲಿ ಲಾರಿಯ ಕೆಳಗೆ ಮಲಗಿ ಬಿಳಿ ಕ್ಯಾನಿಗೆ ಎಣ್ಣೆ ಇಳಿಸುತ್ತಿದ್ದ. ಅಮಾತೆಪ್ಪ ಕಣ್ಣಾರೆ ಕಂಡ. "ಜಾಸ್ತಿ ಆಗಿತ್ತು ಮಾಮಾ, ತಗದೆ," ಎಂದ ಮಾಳಿಂಗ. ಅದೇ ಬೆಳಿಗ್ಗೆ ಒಣಗಿದ ಕಡ್ಡಿ ನೋಡಿ ಎರಡು ಲೀಟರ್ ಸುರಿದು ಬಂದ ಅಮಾತೆಪ್ಪ ಅದನ್ನು ಹೇಗೆ ನಂಬಿಯಾನು? ಆ ಸಂಜೆ ಗುಡಿಯ ಕಟ್ಟೆಯ ಮೇಲೆ ಐದು ಮಂದಿ ಹಿರಿಯರ ಎದುರು, "ಕಳ್ಳ ಅಲ್ಲಂದ್ರ ಭಂಡಾರ ಮುಟ್ಟಿ ಹೇಳಲೇ," ಎಂದ. ಮಾಳಿಂಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಂಜಿನ್ ಎಣ್ಣಿ ಸಲುವಾಗಿ ನಾ ದೇವರನ್ನ ಮುಟ್ಟಂಗಿಲ್ಲ."

ಮುಟ್ಟದವನು ಕಳ್ಳ. ಊರು ಅಷ್ಟೇ ತಿಳಿದುಕೊಂಡಿತು. ಮಾಳಿಂಗ ಮರುದಿನವೇ ಊರು ಬಿಟ್ಟು ಕೆರೂರಿಗೆ ಹೋದ. ಅವನು ಹೋದ ಮೇಲೆ ಎಣ್ಣೆಯ ಖರ್ಚು ಇಳಿಯಬೇಕಿತ್ತು, ಏರಿತು. ಅದು ಅಮಾತೆಪ್ಪನ ಅರಿವಿಗೆ ಬಂದಿತ್ತು. ಎಷ್ಟೋ ಸಲ ಸ್ಟೇರಿಂಗ್ ಹಿಡಿದು ಕೂತಾಗ ಆ ಯೋಚನೆ ತಲೆಯೆತ್ತುತ್ತಿತ್ತು. ಅದು ಕೊನೆ ಮುಟ್ಟುವ ಮೊದಲೇ ಅವನು ಗೇರ್ ಬದಲಿಸುತ್ತಿದ್ದ.

ಹೆಚ್ಚಾದ ಎಣ್ಣೆಯನ್ನು ಸಾಬ ಇಳಿಸಿಕೊಟ್ಟ. ಬಾಗಲಕೋಟೆಯಲ್ಲಿ ಕಲ್ಲು ಇಳಿಸಿ ಮರಳಿದಾಗ ಹೊಗೆ ಇರಲಿಲ್ಲ. ಮನೆಯ ಮುಂದೆ, ಅಭ್ಯಾಸದಿಂದ ಗುಡಿಯ ಕಡೆ ತಿರುಗಿದ್ದ ಲಾರಿಯನ್ನು ಹಿಂದೆ ತೆಗೆದು, ಬಣವೆಯ ಪಕ್ಕದ ಸಮ ನೆಲದಲ್ಲಿ ಅಡ್ಡ ನಿಲ್ಲಿಸಿದ.

ಸಿದ್ದವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಬಂದಳು. "ಯಾಕ, ಇವತ್ತು ದೇವರ ಕಡೆ ಮುಖ ಇಲ್ಲಲ್ಲ?"

"ನೆಲ ಏರೈತಿ. ಅದಕ್ಕ ಕಡ್ಡಿ ಸುಳ್ಳ ಹೇಳ್ತಿತ್ತು." ಲಾರಿಯಿಂದ ಇಳಿದು, "ಮಾಳಿಂಗ ಖರೆ ಹೇಳಿದ್ದ," ಎಂದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಜೋಳದ ಚೀಲಗಳ ಹಿಂದಿನಿಂದ ಒಂದು ಬಿಳಿ ಕ್ಯಾನ್ ಎತ್ತಿ ತಂದು ಹೊಸ್ತಿಲ ಮೇಲಿಟ್ಟಳು. ಮುಚ್ಚಳದ ಮೇಲೆ ಧೂಳು ಕೂತಿತ್ತು. ಒಳಗೆ ಕಪ್ಪು ಎಣ್ಣೆ, ಎರಡು ಲೀಟರಿನಷ್ಟು.

"ಹೋಗೂ ದಿನ ಇಟ್ಟು ಹೋದ. ಲಾರೀದು, ಲಾರಿಗೇ ಸೇರಲಿ ಅಂದ."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಎಂಟು ತಿಂಗಳು ಅವರಿಬ್ಬರೂ ಅದೇ ಕೋಣೆಯಲ್ಲಿ ಉಂಡಿದ್ದರು. ಚೀಲಗಳ ಹಿಂದೆ ಅದು ಇತ್ತು. ಅಮಾತೆಪ್ಪ ಕ್ಯಾನಿನ ಮುಚ್ಚಳ ಬಿಗಿ ಮಾಡಿದ. "ನಾಳಿ ಕೆರೂರಿಗೆ ಹೋಗಿ ಬರ್ತೇನಿ," ಎಂದ. ದೇವರ ಮಾಡದಲ್ಲಿದ್ದ ಭಂಡಾರದ ಚೀಲದ ಕಡೆ ಕೈ ಹೋಯಿತು.

"ಭಂಡಾರ ಒಯ್ಯಬ್ಯಾಡ್ರಿ," ಎಂದಳು ಸಿದ್ದವ್ವ. "ಇದನ್ನ ಒಯ್ರಿ."

ಕೆರೂರಿನ ಸಂತೆಯ ಬದಿಯಲ್ಲಿ ಮಾಳಿಂಗರಾಯ ಯಾರದೋ ಟೆಂಪೊಗೆ ಉಳ್ಳಾಗಡ್ಡಿ ಚೀಲ ಏರಿಸಿಕೊಳ್ಳುತ್ತಿದ್ದ. ತೆಳ್ಳಗಾಗಿದ್ದ. ಲಾರಿ ಕಂಡು ಕೈ ತಡೆದ, ಅಮಾತೆಪ್ಪನ ಕೈಯಲ್ಲಿದ್ದ ಕ್ಯಾನ್ ಕಂಡು ಮತ್ತೆ ಚೀಲ ಎತ್ತಿದ.

"ಅಕ್ಕ ಆರಾಮ ಅದಾಳೇನು?"

"ಅದಾಳ." ಅಮಾತೆಪ್ಪ ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿದ. "ಮನಿ ಮುಂದ ನೆಲ ಏರಿತ್ತೋ ಮಾಳಿಂಗ."

"ಗೊತ್ತಿತ್ತು ಮಾಮಾ. ದೇವರ ಕಡೆ ನಿಲ್ಲಸಬ್ಯಾಡ್ರಿ ಅಂತ ಹೆಂಗ ಹೇಳ್ಲಿ ನಾ? ಅದಕ್ಕ ಇಳಕಲ್ಲಾಗ ಸುಮ್ಮ ತಗೀತಿದ್ದೆ."

ಮಾಳಿಂಗ ಲಾರಿಯ ಬಳಿ ಬಂದು, ಕಡ್ಡಿ ಎಳೆದು, ತನ್ನ ಅಂಗಿಯ ಚುಂಗಿಗೆ ಒರೆಸಿ, ಇಳಿಸಿ, ಮತ್ತೆ ಎಳೆದ. "ಈಗ ಬರೋಬ್ಬರಿ ಐತಿ."

"ನಂದು ತಪ್ಪಾತು. ನಡಿ, ಮನಿಗೆ ಹೋಗೂಣು."

ಮಾಳಿಂಗ ಕಡ್ಡಿಯನ್ನು ಅದರ ಜಾಗಕ್ಕೆ ಒತ್ತಿದ. ದನಿ ಏರಿಸಲಿಲ್ಲ. "ಅವತ್ತು ಐದು ಮಂದಿ ಕೂಡಿಸಿ ಕೇಳಿದ್ರಿ. ಇವತ್ತು ಒಬ್ಬರೇ ಬಂದೀರಿ."

ಟೆಂಪೊ ಹತ್ತಿ ಬಾದಾಮಿಯ ಕಡೆ ಹೊರಟುಹೋದ. ರಸ್ತೆಯ ಮೇಲೆ ಒಂದೆರಡು ಉಳ್ಳಾಗಡ್ಡಿ ಉರುಳಿಕೊಂಡು ಉಳಿದವು. ಅಮಾತೆಪ್ಪ ಕ್ಯಾನ್ ಹಿಡಿದುಕೊಂಡೇ ಲಾರಿ ಹತ್ತಿದ.

ಊರು ಮುಟ್ಟಿದಾಗ ಸಂಜೆಯಾಗಿತ್ತು. ಗುಡಿಯ ಕಟ್ಟೆಯ ಮೇಲೆ ಎಂದಿನಂತೆ ಹಿರಿಯರು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಐವರಲ್ಲಿ ನಾಲ್ವರಿದ್ದರು. ಲಾರಿಯನ್ನು ಬಣವೆಯ ಪಕ್ಕ ಅಡ್ಡ ನಿಲ್ಲಿಸಿ, ಕ್ಯಾನ್ ಹಿಡಿದು ಅಮಾತೆಪ್ಪ ದಿಬ್ಬ ಹತ್ತಿದ. ಕೆಳಗೆ ಸಿದ್ದವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನೋ ಅಮಾತೆಪ್ಪ, ದೇವರಿಗೆ ಎಣ್ಣಿ ತಂದೀಯೇನು?" ಒಬ್ಬರು ನಕ್ಕರು.

"ಐದನೆಯವರನ್ನೂ ಕರೀರಿ," ಎಂದ ಅವನು.

ನಗು ನಿಂತಿತು. ಒಬ್ಬರು ಎದ್ದು ಓಣಿಯ ಕಡೆ ಹೋದರು. ಅಮಾತೆಪ್ಪ ಕ್ಯಾನನ್ನು ಕಟ್ಟೆಯ ಮೇಲಿಟ್ಟು ಭಂಡಾರದ ಬಟ್ಟಲಿನ ಎದುರು ನಿಂತ. ಕೈ ಚಾಚಿದವನು ಹಿಂತೆಗೆದು ಧೋತರಕ್ಕೆ ಒರೆಸಿಕೊಂಡ, ಇನ್ನೊಮ್ಮೆ ಒರೆಸಿಕೊಂಡ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಓಣಿಯಿಂದ ಕೋಲೂರಿಕೊಂಡು ಐದನೆಯವರು ಬರುವ ಸದ್ದು ಕೇಳಿಸಿತು.